ಬೀಗ ಮತ್ತು ಕಂಬಿಯ ನಡುವೆ ಬಂಡೆಯ ದಾರಿ

2022ರ ಫೆಬ್ರುವರಿಯಲ್ಲಿ ಎರಡು ವಾರಗಳ ಒಳಗೆ ದಕ್ಷಿಣ ಭಾರತದ ಎರಡು ಬೆಟ್ಟಗಳು ದೇಶದ ಗಮನ ಸೆಳೆದವು. ಕೇರಳದ ಮಲಂಪುಳ ಬಳಿಯ ಬೆಟ್ಟದಲ್ಲಿ ಕಾಲುಜಾರಿ ಬಂಡೆಯ ಪೊಟರೆಯೊಂದರಲ್ಲಿ ಸಿಲುಕಿದ ಯುವಕ ನಲವತ್ತು ಗಂಟೆಗೂ ಹೆಚ್ಚು ಕಾಲ ಅಲ್ಲಿಯೇ ಕುಳಿತಿದ್ದ. ಫೆಬ್ರುವರಿ 9ರಂದು ಸೇನೆಯ ಪರ್ವತಾರೋಹಿಗಳು ಹಗ್ಗದ ನೆರವಿನಿಂದ ಅವನನ್ನು ಮೇಲೆತ್ತಿದರು. ಆ ತಂಡದಲ್ಲಿ ಬೆಂಗಳೂರಿನಿಂದ ಹೋದ ಯೋಧರೂ ಇದ್ದರು. ಫೆಬ್ರುವರಿ 20ರಂದು ನಮ್ಮ ನಂದಿಬೆಟ್ಟದ ಸರದಿ. ಅಲ್ಲಿನ ಬ್ರಹ್ಮಗಿರಿಯ ಬಂಡೆಯಿಂದ ಜಾರಿ ಸುಮಾರು 300 ಅಡಿ ಕೆಳಗೆ ಬಿದ್ದು, ಬಂಡೆಯ ಚಾಚಿನಲ್ಲಿ ಸಿಲುಕಿದ್ದ ವಿದ್ಯಾರ್ಥಿಯನ್ನು ಉಳಿಸಲು ವಾಯುಪಡೆಯ ಹೆಲಿಕಾಪ್ಟರ್ ಬರಬೇಕಾಯಿತು. ಇಬ್ಬರೂ ಬದುಕಿದರು. ಹೀಗೆ ಸಿಲುಕುವ ಎಲ್ಲರಿಗೂ ಅಂತಹ ಅದೃಷ್ಟವಿರುವುದಿಲ್ಲ.

ಇಂತಹ ಘಟನೆ ನಡೆದಾಗಲೆಲ್ಲ ಎರಡು ಮಾತುಗಳು ಕೇಳಿಬರುತ್ತವೆ. ‘ಈ ಹುಡುಗರನ್ನು ಅಲ್ಲಿಗೆ ಬಿಟ್ಟವರು ಯಾರು? ದಾರಿ ಮುಚ್ಚಿ’ ಎಂಬುದು ಒಂದು. ‘ಅಲ್ಲಿ ಕಂಬಿ ಹಾಕಿ, ಮೆಟ್ಟಿಲು ಕಟ್ಟಿ, ಸಾಧ್ಯವಾದರೆ ರೋಪ್‌ವೇ ಮಾಡಿ’ ಎಂಬುದು ಇನ್ನೊಂದು. ಮೇಲ್ನೋಟಕ್ಕೆ ಇವು ಒಂದಕ್ಕೊಂದು ವಿರುದ್ಧವಾಗಿವೆ. ಆದರೆ ನನ್ನ ದೃಷ್ಟಿಯಲ್ಲಿ ಎರಡರ ಬೇರೂ ಒಂದೇ. ಬೆಟ್ಟ ಏರುವ ಮನುಷ್ಯನಿಗೆ ಬೆಟ್ಟದ ಬಗ್ಗೆ ಏನನ್ನಾದರೂ ಕಲಿಸಬಹುದು ಎಂಬ ನಂಬಿಕೆ ಈ ಎರಡು ಸಲಹೆಗಳಲ್ಲಿಯೂ ಇಲ್ಲ. ಬಂಡೆಯ ಮೇಲೆ ಜೀವ ಉಳಿಸುವುದು ಮೊದಲಿಗೆ ತಿಳಿವಳಿಕೆ, ಆಮೇಲೆ ಉಳಿದದ್ದು. ಆ ತಿಳಿವಳಿಕೆಯನ್ನು ಹಂಚುವ ವ್ಯವಸ್ಥೆಯನ್ನೇ ನಾವು ಕಟ್ಟಿಲ್ಲ ಎಂಬುದು ಈ ಲೇಖನದ ವಾದ.

ಹಳೆಯ ಮೈಸೂರು ಸೀಮೆಯ ಬೆಟ್ಟಗಳು ಪಶ್ಚಿಮಘಟ್ಟದ ಬೆಟ್ಟಗಳಂತಲ್ಲ. ಘಟ್ಟದಲ್ಲಿ ಕಾಡು, ಹುಲ್ಲುಗಾವಲು, ಮಣ್ಣಿನ ದಾರಿ ಇವೆ. ಇಲ್ಲಿ ಬಯಲಿನ ನಡುವಿನಿಂದ ನೆತ್ತಿಯವರೆಗೆ ಬೋಳಾಗಿ ಎದ್ದುನಿಂತ ಗ್ರಾನೈಟ್ ಬಂಡೆಗಳಿವೆ. ಸಾವನದುರ್ಗ, ರಾಮದೇವರ ಬೆಟ್ಟ, ಶಿವಗಂಗೆ, ಮಧುಗಿರಿ, ಸ್ಕಂದಗಿರಿ, ನಂದಿ ಎಲ್ಲವೂ ಈ ಕಲ್ಲುನಾಡಿನ ಮಕ್ಕಳೇ. ಇವುಗಳಲ್ಲಿ ಸಾವನದುರ್ಗ ಮತ್ತು ರಾಮನಗರದ ಬೆಟ್ಟಗಳ ಶಿಲೆಯನ್ನು ಭೂವಿಜ್ಞಾನಿಗಳು ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಕರೆಯುತ್ತಾರೆ. ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ಹೆಸರಿನಿಂದ ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಊರಿನ ಹೆಸರು ಬದಲಾಯಿತು, ಕಲ್ಲಿನ ಹೆಸರು ಉಳಿಯಿತು. ಈ ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ. ನೆಲದಾಳದಲ್ಲಿ ಕರಗಿದ ಶಿಲೆ ನಿಧಾನವಾಗಿ ಗಟ್ಟಿಯಾಗಿ, ಮೇಲಿನ ಹೊದಿಕೆ ಕೋಟ್ಯಂತರ ವರ್ಷಗಳಲ್ಲಿ ಸವೆದು ಹೋದ ಮೇಲೆ ಹೊರಗೆ ಬಂದ ರೂಪವಿದು.

ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದಲ್ಲಿ, ಮಾಗಡಿ ತಾಲ್ಲೂಕಿನಲ್ಲಿರುವ ಸಾವನದುರ್ಗ ಇವುಗಳಲ್ಲಿ ದೊಡ್ಡಣ್ಣ. ಸಮುದ್ರಮಟ್ಟದಿಂದ ಅದರ ಎತ್ತರ 1,226 ಮೀಟರ್. ಕರಿಗುಡ್ಡ ಮತ್ತು ಬಿಳಿಗುಡ್ಡ ಎಂದು ಜನ ಕರೆಯುವ ಎರಡು ಭಾಗಗಳು ಅದಕ್ಕಿವೆ. ಬುಡದಲ್ಲಿ ಸಾವಂದಿ ವೀರಭದ್ರಸ್ವಾಮಿ ಮತ್ತು ನರಸಿಂಹಸ್ವಾಮಿಯ ಗುಡಿಗಳಿವೆ. ಮಾಗಡಿ ಕೆಂಪೇಗೌಡರ ವಂಶದವರ ಕೈಯಲ್ಲಿದ್ದ ದುರ್ಗ 1728ರಲ್ಲಿ ಮೈಸೂರಿನ ವಶವಾಯಿತು. ಕಡಿದಾದ ಬಂಡೆಯನ್ನೂ ಸುತ್ತಲಿನ ದಟ್ಟ ಕಾಡನ್ನೂ ನಂಬಿ ಇದನ್ನು ಅಜೇಯವೆಂದು ಭಾವಿಸಲಾಗಿತ್ತು. ಆದರೆ 1791ರ ಡಿಸೆಂಬರ್ 21ರಂದು, ಕೆಲವೇ ದಿನಗಳ ಮುತ್ತಿಗೆಯ ನಂತರ, ಕಾರ್ನ್‌ವಾಲಿಸ್‌ನ ಸೇನೆ ಅದನ್ನು ಟಿಪ್ಪು ಸುಲ್ತಾನನಿಂದ ಕಿತ್ತುಕೊಂಡಿತು. ಕಲ್ಲು ಎಷ್ಟೇ ಕಡಿದಾಗಿದ್ದರೂ ಅದೊಂದೇ ಯಾರನ್ನೂ ಕಾಯುವುದಿಲ್ಲ ಎಂಬ ಪಾಠ ಆ ಚರಿತ್ರೆಯಲ್ಲಿದೆ.

ಸಾವನದುರ್ಗವನ್ನು ಹಲವು ಸಲ ಏರಿಳಿದಿರುವ ನನಗೆ ಅಲ್ಲಿನ ಸೊಗಸು ಏನೆಂಬುದು ಗೊತ್ತು. ಬುಡದ ಕುರುಚಲು ಕಾಡನ್ನು ದಾಟಿದ ಕೂಡಲೇ ಮರದ ನೆರಳು ಮುಗಿಯುತ್ತದೆ. ಮುಂದೆ ಬರಿಯ ಕಲ್ಲು ಮತ್ತು ಆಕಾಶ. ಅಂಗಾಲಿನ ಒತ್ತಡವೊಂದನ್ನೇ ನಂಬಿ ಮೈಯನ್ನು ಮುಂದಕ್ಕೆ ಬಾಗಿಸಿ ನಡೆಯಬೇಕು. ಅಲ್ಲಲ್ಲಿ ಹಳೆಯ ಕೋಟೆಗೋಡೆಯ ಅವಶೇಷ ಎದುರಾಗುತ್ತದೆ, ಅದರ ನೆರಳಿನಲ್ಲಿ ಕುಳಿತು ಉಸಿರು ಸುಧಾರಿಸಿಕೊಳ್ಳಬಹುದು. ಬಂಡೆಯ ತಗ್ಗುಗಳಲ್ಲಿ ಮಳೆನೀರು ನಿಂತ ದೊಣೆಗಳು, ಬಿರುಕಿನಲ್ಲಿ ಒಂದು ಹಿಡಿ ಮಣ್ಣು ಸಿಕ್ಕರೆ ಸಾಕೆಂದು ಬೇರುಬಿಟ್ಟ ಗಿಡಗಳು. ನೆತ್ತಿಯ ಪುಟ್ಟ ನಂದಿಮಂಟಪದ ಬಳಿ ನಿಂತರೆ ಅರ್ಕಾವತಿಯ ಕಣಿವೆಯೂ ಮಂಚನಬೆಲೆ ಜಲಾಶಯದ ನೀರೂ ಕಾಣುತ್ತವೆ. ವಾರವಿಡೀ ಕಚೇರಿಯ ಗೋಡೆ ನೋಡಿದ ಕಣ್ಣುಗಳಿಗೆ ಇದು ಬೇಕು. ಆದ್ದರಿಂದ ‘ಅಲ್ಲಿಗೆ ಏಕೆ ಹೋಗಬೇಕು, ಮನೆಯಲ್ಲಿರಬಾರದೇ’ ಎಂಬ ಪ್ರಶ್ನೆಯನ್ನು ನಾನು ಗಂಭೀರವಾಗಿ ಪರಿಗಣಿಸುವುದಿಲ್ಲ. ಜನ ಹೋಗುತ್ತಾರೆ, ಹೋಗಬೇಕು ಕೂಡ. ಹೇಗೆ ಹೋಗಬೇಕು ಎಂಬುದಷ್ಟೇ ಚರ್ಚೆಯ ವಿಷಯ.

ಇಂತಹ ಬಂಡೆಯ ಅಪಾಯ ಅದರ ಆಕಾರದಲ್ಲಿಯೇ ಅಡಗಿದೆ. ಮೇಲಿನ ಭಾರ ಇಳಿದ ಗ್ರಾನೈಟ್, ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ. ಹಾಗಾಗಿ ಬೆಟ್ಟಕ್ಕೆ ಗುಮ್ಮಟದ ದುಂಡು ಬರುತ್ತದೆ. ಗುಮ್ಮಟದ ನೆತ್ತಿ ಬಹುಪಾಲು ಸಮತಟ್ಟು. ಅಲ್ಲಿಂದ ಅಂಚಿನ ಕಡೆಗೆ ಹೋದಂತೆ ಇಳಿಜಾರು ಹೆಜ್ಜೆಗೆ ಸ್ವಲ್ಪ ಸ್ವಲ್ಪವೇ ಹೆಚ್ಚುತ್ತದೆ. ಕಟ್ಟಡದ ಚಾವಣಿಗೆ ಇರುವಂತೆ ‘ಇಲ್ಲಿಗೆ ಮುಗಿಯಿತು’ ಎಂದು ಕಣ್ಣಿಗೆ ಹೊಡೆಯುವ ಗೆರೆ ಅಲ್ಲಿಲ್ಲ. ನಿಂತ ಜಾಗದಿಂದ ಮುಂದಿನ ನಾಲ್ಕು ಹೆಜ್ಜೆ ಮಾತ್ರ ಕಾಣುತ್ತದೆ, ಅದರಾಚೆಗಿನ ಪ್ರಪಾತ ಕಾಣುವುದಿಲ್ಲ. ‘ಇನ್ನೊಂದು ಹೆಜ್ಜೆ ಮುಂದೆ ಹೋದರೆ ಫೋಟೊ ಚೆನ್ನಾಗಿ ಬರುತ್ತದೆ’ ಎಂದು ಇಳಿಯುವವನು, ತನ್ನ ಪಾದರಕ್ಷೆಯ ಹಿಡಿತ ಎಲ್ಲಿ ಸೋಲುತ್ತದೆ ಎಂಬುದನ್ನು ಸೋತ ಮೇಲೆಯೇ ಅರಿಯುತ್ತಾನೆ. ಈ ದುಂಡಿನ ಮೋಸವನ್ನು ಕ್ಷೇಮವಾಗಿ ಕಾಣಬೇಕೆನ್ನುವವರು ಲಾಲ್‌ಬಾಗ್‌ಗೆ ಹೋದರೂ ಸಾಕು. ಕೆಂಪೇಗೌಡರ ಗೋಪುರವಿರುವ ಆ 300 ಕೋಟಿ ವರ್ಷಗಳ ಬಂಡೆಯ ನೆತ್ತಿಯಿಂದ ಅದರ ಬುಡ ಎಲ್ಲಿದೆ ಎಂದು ಗುರುತಿಸಲು ಪ್ರಯತ್ನಿಸಲಿ. ಅಲ್ಲಿ ತಪ್ಪಿದರೆ ಮೊಣಕಾಲು ತರಚೀತು, ಸಾವನದುರ್ಗದಲ್ಲಿ ಹಾಗಲ್ಲ.

ಎರಡನೆಯದು ನೀರು. ಒಣಗಿದ ಗ್ರಾನೈಟ್ ಮೇಲ್ಮೈ ಒರಟು, ಪಾದವನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಬಂಡೆಯ ಮೈಮೇಲೆ ಕಪ್ಪು ಪಟ್ಟಿಗಳನ್ನು ಎಲ್ಲರೂ ನೋಡಿರುತ್ತಾರೆ. ಅವು ಮಳೆನೀರು ಹರಿಯುವ ಜಾಡುಗಳು, ಆ ತೇವವನ್ನು ನಂಬಿ ಪಾಚಿಯಂತಹ ಸೂಕ್ಷ್ಮಜೀವಿಗಳು ಬೆಳೆದು ಕಪ್ಪಾಗಿರುತ್ತವೆ. ಬೇಸಿಗೆಯಲ್ಲಿ ಅವು ನಿರಪಾಯವೆಂಬಂತೆ ತೋರುತ್ತವೆ. ಒಂದು ಹನಿ ಮಳೆ ಬಿದ್ದ ಕೂಡಲೇ ಅದೇ ಪಟ್ಟಿ ಎಣ್ಣೆ ಸುರಿದ ನೆಲವಾಗುತ್ತದೆ. ಕಲ್ಲಿನಿಂದ ಉದುರಿದ ಸಣ್ಣ ಹರಳುಮರಳು ಇನ್ನೊಂದು ಶತ್ರು. ಇಳಿಜಾರಿನ ಮೇಲೆ ಅದು ಕಾಲಡಿಯಲ್ಲಿ ರಾಗಿಕಾಳಿನಂತೆ ಉರುಳುತ್ತದೆ. ಮೂರನೆಯದು ಇಳಿಯುವ ಹೊತ್ತು. ಏರುವಾಗ ಬಂಡೆ ಕಣ್ಣಿನ ಮುಂದಿರುತ್ತದೆ, ಇಳಿಯುವಾಗ ಕಣ್ಣಿನ ಮುಂದೆ ಬಯಲು ಇರುತ್ತದೆ. ಆ ಹೊತ್ತಿಗೆ ತೊಡೆಗಳು ದಣಿದಿರುತ್ತವೆ, ನೀರು ಮುಗಿದಿರುತ್ತದೆ, ಬೆಳಗಿನಿಂದ ಕಾದ ಕಲ್ಲು ಒಲೆಯ ಹಂಚಿನಂತೆ ಶಾಖ ಕಾರುತ್ತಿರುತ್ತದೆ. ಏರುವುದಕ್ಕಿಂತ ಇಳಿಯುವುದು ಕಷ್ಟ ಎಂಬ ಹಳ್ಳಿಯವರ ಮಾತು ಬರಿಯ ಗಾದೆಯಲ್ಲ.

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಸಿಡಿಲಿಗೆ ಬೋಳುಬಂಡೆಯ ನೆತ್ತಿಯಲ್ಲಿ ನಿಂತ ಮನುಷ್ಯನೇ ಅತಿ ಎತ್ತರದ ಗುರಿ. ಬಂಡೆಯ ಚಾಚುಗಳ ಕೆಳಗೆ ಹೆಜ್ಜೇನು ಗೂಡು ಕಟ್ಟುತ್ತದೆ. ಹೊಗೆ ಮತ್ತು ಗದ್ದಲ ಅದನ್ನು ಕೆರಳಿಸುತ್ತವೆ. ಓಡಲು ಜಾಗವಿಲ್ಲದ ಕಡೆ ಹೆಜ್ಜೇನು ಎದ್ದರೆ ಏನಾದೀತೆಂದು ಊಹಿಸಬಹುದು. ಸಿಗರೇಟು ಸೇದುತ್ತ, ಧ್ವನಿವರ್ಧಕ ಹೊತ್ತು ಬೆಟ್ಟ ಹತ್ತುವವರಿಗೆ ಇದನ್ನು ಮೊದಲೇ ಹೇಳುವವರು ಯಾರು?

ಇಲ್ಲಿ ಹೇಳಿದ ಒಂದು ವಿಷಯಕ್ಕೂ ವಿಶೇಷ ಸಾಹಸ ವಿದ್ಯೆ ಬೇಕಿಲ್ಲ. ಹತ್ತು ನಿಮಿಷದ ಮಾತಿನಲ್ಲಿ ಇದನ್ನು ಯಾರಿಗಾದರೂ ತಿಳಿಸಬಹುದು. ಬೆಟ್ಟದ ಬುಡದಲ್ಲಿ ಆಡು ಮೇಯಿಸುವ ಹುಡುಗನಿಗೆ ಇದೆಲ್ಲ ಗೊತ್ತು. ಆದರೆ ನಮ್ಮ ಬೆಟ್ಟಗಳ ಬುಡದ ಫಲಕಗಳು ಸಾಮಾನ್ಯವಾಗಿ ಹೇಳುವುದು ‘ಎಚ್ಚರಿಕೆ, ಅಪಾಯ’ ಎಂದಷ್ಟೇ. ಯಾವ ಜಾಗದಲ್ಲಿ, ಯಾವ ಹೊತ್ತಿನಲ್ಲಿ, ಏಕೆ ಅಪಾಯ ಎಂದು ಹೇಳದ ಎಚ್ಚರಿಕೆಯನ್ನು ಯುವಕರು ಸವಾಲಾಗಿ ಓದಿಕೊಳ್ಳುತ್ತಾರೆ.

ಈಗ ಬೀಗದ ವಿಚಾರಕ್ಕೆ ಬರೋಣ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಕ್ಕೆ ಸುಬ್ರಹ್ಮಣ್ಯದ ಮೇಲಿನ ಕುಮಾರ ಪರ್ವತಕ್ಕೆ ಸಾವಿರಾರು ಜನ ಮುಗಿಬಿದ್ದರು. 1,712 ಮೀಟರ್ ಎತ್ತರದ ಆ ಪರ್ವತದ ದಾರಿಯಲ್ಲಿ ಸಿನಿಮಾ ಟಿಕೆಟ್‌ಗೆ ನಿಂತಂತೆ ಜನ ಸಾಲುಗಟ್ಟಿದ ಚಿತ್ರಗಳು ಎಲ್ಲೆಡೆ ಹರಿದಾಡಿದವು. ಶೇಷ ಪರ್ವತದಿಂದ ಮುಂದೆ ತುದಿ ತಲುಪಲು ಅಲ್ಲಿಯೂ ಕಡಿದಾದ ಬಂಡೆ ಹತ್ತಬೇಕು. ಅಂತಹ ಕಡೆ ಜನಸಂದಣಿ ಎಂದರೆ ಅಪಘಾತಕ್ಕೆ ಕೊಟ್ಟ ಆಹ್ವಾನ. ಅರಣ್ಯ ಇಲಾಖೆ ಎಚ್ಚೆತ್ತುಕೊಂಡು, ಆನ್‌ಲೈನ್ ಟಿಕೆಟ್ ವ್ಯವಸ್ಥೆ ಇಲ್ಲದ ಚಾರಣಪಥಗಳನ್ನು ತಾತ್ಕಾಲಿಕವಾಗಿ ಮುಚ್ಚಿತು. ಅದೇ ವರ್ಷ ದಿನಕ್ಕೆ 300 ಜನರ ಮಿತಿಯೊಂದಿಗೆ, ಆನ್‌ಲೈನ್ ಬುಕಿಂಗ್ ಮೂಲಕ ಚಾರಣ ಮತ್ತೆ ಆರಂಭವಾಯಿತು. ಸಂಖ್ಯೆಗೆ ಮಿತಿ ಹಾಕಿದ್ದು ಸರಿಯಾದ ಕ್ರಮ, ಅದನ್ನು ಸ್ವಾಗತಿಸಬೇಕು.

ಆದರೆ ಮಿತಿ ಎಂಬುದು ಎಣಿಕೆ ಮಾತ್ರ. 301ನೆಯವನನ್ನು ಅದು ತಡೆಯುತ್ತದೆ, ಒಳಗೆ ಹೋದ 300 ಜನರಿಗೆ ಏನನ್ನೂ ಕಲಿಸುವುದಿಲ್ಲ. ಮೊಬೈಲಿನಲ್ಲಿ ಹಣ ಕಟ್ಟಿ ಪಡೆದ ಟಿಕೆಟ್ಟು, ಒದ್ದೆ ಬಂಡೆಯ ಮೇಲೆ ಹೇಗೆ ನಡೆಯಬೇಕೆಂದು ಹೇಳುವುದಿಲ್ಲ. ಇದರ ಜೊತೆಗೆ ಇನ್ನೊಂದು ಅನ್ಯಾಯದ ಸಾಧ್ಯತೆಯೂ ಇದೆ. ತಲೆಮಾರುಗಳಿಂದ ಹರಕೆ ಹೊತ್ತು ಬೆಟ್ಟದ ದೇವರಿಗೆ ನಡೆದುಹೋಗುವ ಹಳ್ಳಿಯವರೂ, ವಾರಾಂತ್ಯಕ್ಕೆ ಬರುವ ನಗರದವರೂ ಒಂದೇ ಗೇಟಿನ ಮುಂದೆ ಒಂದೇ ಟಿಕೆಟ್ ತೋರಿಸಬೇಕಾದರೆ, ಬೆಟ್ಟವನ್ನು ಇಷ್ಟು ಕಾಲ ಕಾಪಾಡಿದವರೇ ಅಲ್ಲಿ ಹೊರಗಿನವರಾಗುತ್ತಾರೆ.

ಎಲ್ಲ ಬೀಗವೂ ತಪ್ಪೆಂದು ನಾನು ಹೇಳುತ್ತಿಲ್ಲ. ‘ಶೋಲೆ’ ಚಿತ್ರದಿಂದ ಹೆಸರಾದ ರಾಮನಗರದ ಬಂಡೆಗಳ ಪೈಕಿ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ವನ್ಯಧಾಮವೆಂದು ಘೋಷಿಸಲಾಯಿತು. ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುವುದು ಇಂತಹ ಬಂಡೆಗಳ ಚಾಚುಗಳಲ್ಲಿಯೇ. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಔಷಧದ ವಿಷದಿಂದ ದೇಶದ ರಣಹದ್ದು ಸಂತತಿಯೇ ಕುಸಿದು, 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದರ ಬಳಕೆಗೆ ನಿಷೇಧ ಬಂತು. ಉಳಿದಿರುವ ಬೆರಳೆಣಿಕೆಯ ಹಕ್ಕಿಗಳಿಗಾಗಿ ಮನುಷ್ಯ ಒಂದು ಬಂಡೆಯನ್ನು ಬಿಟ್ಟುಕೊಟ್ಟರೆ ಅದು ನ್ಯಾಯ. ಅಲ್ಲಿ ಬೀಗಕ್ಕೆ ಕಾರಣವಿದೆ, ಆ ಕಾರಣವನ್ನು ಜನರಿಗೆ ಹೇಳಲೂ ಬಹುದು. ಕಾರಣ ಹೇಳದ ಬೀಗ ಮಾತ್ರ ಹಿಂಬದಿಯ ದಾರಿಗಳನ್ನು ಹುಟ್ಟುಹಾಕುತ್ತದೆ. ಮುಂಬಾಗಿಲು ಮುಚ್ಚಿದಾಗ ಕತ್ತಲಲ್ಲಿ, ಗೊತ್ತಿಲ್ಲದ ಕಡೆಯಿಂದ ಹತ್ತುವವನು ದಾರಿ ತಪ್ಪಿದರೆ ಅವನೆಲ್ಲಿದ್ದಾನೆಂದು ಯಾರಿಗೂ ತಿಳಿಯುವುದಿಲ್ಲ.

ಇನ್ನು ಕಂಬಿ. ಯಾತ್ರಾಸ್ಥಳಗಳಲ್ಲಿ ಕಂಬಿ, ಮೆಟ್ಟಿಲು ಬೇಕೇ ಬೇಕು. ಹೊಯ್ಸಳರ ರಾಣಿ ಶಾಂತಲೆ 1131ರಲ್ಲಿ ಪ್ರಾಣಬಿಟ್ಟ ಶಿವಗಂಗೆಯಲ್ಲಿ, ನೆತ್ತಿಯ ಬಸವನನ್ನು ನೋಡಲು ವೃದ್ಧರೂ ಮಕ್ಕಳನ್ನೆತ್ತಿಕೊಂಡ ತಾಯಂದಿರೂ ಹತ್ತುತ್ತಾರೆ. ಅವರಿಗೆ ಹಿಡಿದುಕೊಳ್ಳಲು ಕಂಬಿ ಇರುವುದು ಸರಿ. ಮಧುಗಿರಿಯ ಏಕಶಿಲೆಯಲ್ಲಿ ಹಿಂದಿನವರು ಬಂಡೆಯನ್ನೇ ಕೊರೆದು ಪಾವಟಿಗೆ ಮಾಡಿದ್ದಾರೆ. ಆ ಪಾವಟಿಗೆಗಳು ನಡೆಯುವವನ ಎಚ್ಚರವನ್ನು ಕಸಿದುಕೊಳ್ಳುವುದಿಲ್ಲ, ಕಾಲಿಡುವ ಜಾಗವನ್ನಷ್ಟೇ ತೋರಿಸುತ್ತವೆ. ಒಳ್ಳೆಯ ನೆರವೆಂದರೆ ಅದು.

ಆದರೆ ಪ್ರತಿ ಬೆಟ್ಟವನ್ನೂ ಉದ್ಯಾನದಂತೆ ಸಜ್ಜುಗೊಳಿಸುವ ಹುಮ್ಮಸ್ಸು ಬೇರೆ. ನಂದಿಬೆಟ್ಟದ ರೋಪ್‌ವೇ ಯೋಜನೆಗೆ 2023ರಲ್ಲಿ ಶಂಕುಸ್ಥಾಪನೆ ನಡೆಯಿತು. ನಡೆಯಲಾಗದವರಿಗೆ ಅದು ಅನುಕೂಲವೆಂಬುದನ್ನು ಒಪ್ಪುತ್ತೇನೆ. ಆದರೆ ಅದಕ್ಕೆ ಎರಡು ವರ್ಷ ಹಿಂದೆ, 2021ರ ಆಗಸ್ಟ್‌ನಲ್ಲಿ, ಒಂದು ರಾತ್ರಿಯ ಭಾರಿ ಮಳೆಗೆ ಗುಡ್ಡ ಜರಿದು ಇದೇ ಬೆಟ್ಟದ ರಸ್ತೆ ಕೊಚ್ಚಿಹೋಗಿ, ತಿಂಗಳುಗಟ್ಟಲೆ ಪ್ರವಾಸಿಗರ ಪ್ರವೇಶ ನಿಲ್ಲಿಸಬೇಕಾಗಿತ್ತು. ಹೆಚ್ಚು ಜನರನ್ನು ಹೆಚ್ಚು ಸುಲಭವಾಗಿ ಮೇಲಕ್ಕೆ ತಲುಪಿಸಿದಷ್ಟೂ, ಬೆಟ್ಟದ ಬಗ್ಗೆ ಏನೂ ತಿಳಿಯದವರ ಗುಂಪು ಅಂಚಿನ ಬಳಿ ದೊಡ್ಡದಾಗುತ್ತದೆ. ಕಂಬಿ ಇರುವಷ್ಟು ದೂರ ಅವರು ಕ್ಷೇಮ. ಕಂಬಿಯಾಚೆಗೆ ಕಾಲಿಟ್ಟವನಿಗೆ ತನ್ನ ಕಾಲಡಿಯ ಕಲ್ಲಿನ ಪರಿಚಯವೇ ಇರುವುದಿಲ್ಲ. ಏರುತ್ತ ಏರುತ್ತ ಸಿಗುವ ತಿಳಿವಳಿಕೆಯನ್ನು ಯಂತ್ರ ತುಂಬಿಕೊಡಲಾರದು.

ಹಾಗಾದರೆ ದಾರಿ ಯಾವುದು? ನೆರೆಯ ತಮಿಳುನಾಡು ಬಹಳ ದೊಡ್ಡ ಬೆಲೆ ತೆತ್ತು ಅದನ್ನು ಕಲಿಯಿತು. 2018ರ ಮಾರ್ಚ್‌ನಲ್ಲಿ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಳ್ಗಿಚ್ಚಿಗೆ ಸಿಕ್ಕಿ 20ಕ್ಕೂ ಹೆಚ್ಚು ಚಾರಣಿಗರು ಪ್ರಾಣ ಕಳೆದುಕೊಂಡರು. ಆಗ ಸಹಜವಾಗಿಯೇ ನಿಷೇಧದ ಕೂಗು ಎದ್ದಿತು. ಆದರೆ ಆ ರಾಜ್ಯ ನಿಷೇಧದಲ್ಲಿಯೇ ನಿಲ್ಲಲಿಲ್ಲ. ಚಾರಣಕ್ಕೆ ನಿಯಮಗಳನ್ನು ರೂಪಿಸಿತು. 2024ರ ಅಕ್ಟೋಬರ್‌ನಲ್ಲಿ 40 ಚಾರಣಪಥಗಳನ್ನು ಗುರುತಿಸಿ, ಕಾಡಂಚಿನ ಬುಡಕಟ್ಟು ಯುವಜನರಿಗೆ ತರಬೇತಿ ಕೊಟ್ಟು ಮಾರ್ಗದರ್ಶಿಗಳನ್ನಾಗಿ ನೇಮಿಸುವ ಯೋಜನೆಯನ್ನು ಆರಂಭಿಸಿತು. ಅದರಲ್ಲಿ ಕುಂದುಕೊರತೆಗಳು ಇರಬಹುದು. ಆದರೆ ಬೆಟ್ಟವನ್ನು ಬಲ್ಲವನು ಚಾರಣಿಗನ ಜೊತೆಗೆ ನಡೆಯಬೇಕೆಂಬ ಅದರ ಮೂಲತತ್ವ ಸರಿಯಾಗಿದೆ.

ನಮ್ಮ ಬಂಡೆಬೆಟ್ಟಗಳಿಗೂ ಇದೇ ಬೇಕು. ಬುಡದ ಹಳ್ಳಿಯ ಯುವಕ ಯುವತಿಯರನ್ನು ಆರಿಸಿ, ಪ್ರಥಮ ಚಿಕಿತ್ಸೆ ಮತ್ತು ಹಗ್ಗದ ಕೆಲಸದಲ್ಲಿ ತರಬೇತಿ ಕೊಡಬೇಕು. ಅದಕ್ಕೆ ಹೊಸ ಸಂಸ್ಥೆಯನ್ನು ಕಟ್ಟಬೇಕಾಗಿಲ್ಲ, ರಾಜ್ಯದಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಟಿಕೆಟ್ಟಿನ ಹಣದ ಒಂದು ಪಾಲು ನೇರವಾಗಿ ಅವರ ಸಂಬಳಕ್ಕೆ ಹೋಗಬೇಕು. ಅದಕ್ಕಿಂತ ಮುಖ್ಯವಾಗಿ, ಅವರಿಗೆ ‘ಇವತ್ತು ಬೇಡ’ ಎನ್ನುವ ಅಧಿಕಾರವಿರಬೇಕು. ಮಳೆ ಬಂದಿದೆ, ಬಂಡೆ ಒಣಗಿಲ್ಲ, ಮೋಡ ಕಟ್ಟುತ್ತಿದೆ, ಹೊತ್ತು ಮೀರಿದೆ ಎಂದಾಗ ದಾರಿ ಮುಚ್ಚುವ ನಿರ್ಧಾರ ಜಿಲ್ಲಾ ಕೇಂದ್ರದ ಕಡತದಿಂದ ಬರುವಂತಿರಬಾರದು. ಕಲ್ಲನ್ನು ಮುಟ್ಟಿ ನೋಡಿದವನ ಮಾತಿಗೆ ಆ ಬೆಲೆ ಸಿಗಬೇಕು. ಹೀಗೆ ಒಂದು ದಿನಕ್ಕೆ ಹಾಕುವ ಬೀಗವನ್ನು ಜನ ಒಪ್ಪುತ್ತಾರೆ, ಏಕೆಂದರೆ ಕಾರಣ ಕಣ್ಣೆದುರೇ ಇರುತ್ತದೆ.

ಎರಡನೆಯದಾಗಿ, ಹೆಚ್ಚು ಜನ ಹೋಗುವ ಪ್ರತಿ ಬಂಡೆಬೆಟ್ಟದ ಬುಡದಲ್ಲಿ ಹಗ್ಗ, ಸ್ಟ್ರೆಚರ್, ಶಿರಸ್ತ್ರಾಣಗಳಿರುವ ಒಂದು ಸಣ್ಣ ಕೋಣೆ ಮತ್ತು ಅವುಗಳನ್ನು ಬಳಸಬಲ್ಲ ನಾಲ್ಕಾರು ಜನ ಇರಬೇಕು. ವಾಯುಪಡೆಯ ಹೆಲಿಕಾಪ್ಟರ್ ಹಾರಿಬಂದು ಒಬ್ಬನನ್ನು ಎತ್ತಿದ್ದು ಹೆಮ್ಮೆಯ ಸಂಗತಿಯೇ. ಆದರೆ ಯಲಹಂಕದ ವಾಯುನೆಲೆ ನಂದಿಬೆಟ್ಟಕ್ಕೆ ಹತ್ತಿರವಿದೆ, ಎಲ್ಲ ಬೆಟ್ಟಗಳಿಗೂ ಹತ್ತಿರವಿಲ್ಲ. ಬಂಡೆಯ ಮೇಲೆ ಬಿದ್ದವನಿಗೆ ಮೊದಲ ಗಂಟೆ ಅಮೂಲ್ಯ. ಆ ಗಂಟೆಯಲ್ಲಿ ಅವನ ಬಳಿ ತಲುಪಬಲ್ಲವರು ಹಳ್ಳಿಯವರು ಮಾತ್ರ. ಈಗಲೂ ಇಂತಹ ಸಂದರ್ಭದಲ್ಲಿ ಮೊದಲು ಓಡಿಬರುವವರು ಅವರೇ, ಬರಿಗೈಯಲ್ಲಿ ಬರುತ್ತಾರೆ ಅಷ್ಟೇ.

‘ಎಷ್ಟು ಹೇಳಿದರೂ ಕೇಳದವರಿದ್ದಾರೆ, ಅವರಿಗೇನು ಮಾಡುತ್ತೀರಿ’ ಎಂದು ಕೇಳುವವರಿದ್ದಾರೆ. ನಿಜ, ಕೇಳದವರು ಇರುತ್ತಾರೆ. ಕುಡಿದು ಬೆಟ್ಟ ಹತ್ತುವವನಿಗೆ ದಂಡ ಹಾಕಿ ಹಿಂದಕ್ಕೆ ಕಳುಹಿಸಲೇಬೇಕು. ಆದರೆ ಬಿದ್ದವರೆಲ್ಲ ಉಡಾಳರಲ್ಲ. ಕಪ್ಪು ಪಟ್ಟಿ ಎಂದರೆ ಏನೆಂದು ಗೊತ್ತಿಲ್ಲದೆ ಕಾಲಿಟ್ಟವರು, ಬಂದ ದಾರಿ ತಪ್ಪಿ ಕಡಿದಾದ ಕಡೆ ಇಳಿದವರು ಅವರಲ್ಲಿದ್ದಾರೆ. ಕೇಳದ ಕೆಲವರಿಗಾಗಿ ಕೇಳಬಲ್ಲ ಅನೇಕರಿಗೆ ಏನನ್ನೂ ಹೇಳದಿರುವುದು ಯಾವ ನ್ಯಾಯ? ಮಾರ್ಗದರ್ಶಿಗಾಗಿ ಖರ್ಚು ಹೆಚ್ಚುತ್ತದೆ ಎಂಬ ಆಕ್ಷೇಪಕ್ಕೂ ಉತ್ತರವಿದೆ. ವಿದ್ಯಾರ್ಥಿಗಳಿಗೆ ರಿಯಾಯಿತಿ, ಹರಕೆಯ ಹಳ್ಳಿಗರಿಗೆ ಉಚಿತ ಪ್ರವೇಶ ಕೊಡುವುದು ಕಷ್ಟವಲ್ಲ. ದುಬಾರಿ ಷೂ ಕೊಂಡು ಬರುವ ನಗರದ ಚಾರಣಿಗನಿಗೆ ಹಳ್ಳಿಯ ಹುಡುಗನ ಒಂದು ದಿನದ ಕೂಲಿ ಭಾರವಾಗಬಾರದು.

ಚಾರಣಿಗರಿಗೂ ಒಂದು ಮಾತು ಹೇಳಬೇಕು. ತುದಿ ಮುಟ್ಟದೆ ಹಿಂತಿರುಗಿದರೆ ಸೋಲು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಗೆಳೆಯರ ಗುಂಪಿನಲ್ಲಿ ‘ನನಗೆ ಭಯವಾಗುತ್ತಿದೆ, ನಾನು ಇಲ್ಲಿಯೇ ಕೂರುತ್ತೇನೆ’ ಎನ್ನುವವನನ್ನು ನಗೆಯಾಡುತ್ತೇವೆ. ಬಂಡೆಯ ಮೇಲೆ ಭಯ ಒಂದು ಸಮಾಚಾರ. ಪಾದಕ್ಕೆ ಹಿಡಿತ ಸಾಲುತ್ತಿಲ್ಲ ಎಂದು ಮೈ ಮನಸ್ಸಿಗೆ ಕಳುಹಿಸುವ ಸಂದೇಶ ಅದು. ಅದನ್ನು ಕೇಳಿಸಿಕೊಳ್ಳುವ ಗುಂಪು ಕ್ಷೇಮವಾಗಿ ಮನೆ ಸೇರುತ್ತದೆ. ಬೆಟ್ಟ 250 ಕೋಟಿ ವರ್ಷದಿಂದ ಅಲ್ಲಿದೆ, ಮುಂದಿನ ಭಾನುವಾರವೂ ಇರುತ್ತದೆ.

ಬಯಲುಸೀಮೆಯ ಈ ಬಂಡೆಗಳು ನಾಡಿನ ಸಾಮಾನ್ಯ ಜನರಿಗೆ ಸುಲಭವಾಗಿ ಸಿಗುವ ಎತ್ತರಗಳು. ಹಿಮಾಲಯಕ್ಕೆ ಹೋಗಲಾಗದ ಗಾರ್ಮೆಂಟ್ಸ್ ಕಾರ್ಮಿಕನೂ ಬಸ್ಸು ಹಿಡಿದು ಬಂದು ಸಾವನದುರ್ಗ ಏರಬಹುದು. ಆ ಎತ್ತರವನ್ನು ಅವನಿಂದ ಕಸಿದುಕೊಳ್ಳಬಾರದು, ಅವನ ಕೈಯಲ್ಲಿ ಜೀವವನ್ನಿಟ್ಟು ಸುಮ್ಮನೆ ಕಳುಹಿಸಲೂಬಾರದು. ಮುಂದಿನ ಮಳೆಗಾಲದೊಳಗೆ ಸರ್ಕಾರ ಇಂತಹ ಒಂದೇ ಒಂದು ಬೆಟ್ಟವನ್ನು ಆರಿಸಿಕೊಳ್ಳಲಿ. ಅಲ್ಲಿ ಬುಡದ ಹಳ್ಳಿಯ ಹತ್ತು ಜನರಿಗೆ ತರಬೇತಿ ಕೊಟ್ಟು, ಸಂಬಳ ಕೊಟ್ಟು, ದಾರಿ ತೆರೆಯುವ ಮತ್ತು ಮುಚ್ಚುವ ಅಧಿಕಾರ ಕೊಟ್ಟು ನೋಡಲಿ. ಅದಕ್ಕೆ ತಗಲುವ ವೆಚ್ಚ ಒಂದು ರೋಪ್‌ವೇಯ ಕಂಬದ ವೆಚ್ಚಕ್ಕಿಂತ ಹೆಚ್ಚಾಗಲಾರದು.